ವಕ್ರೀಭವನ ಸೂಚ್ಯಂಕದ ಹೊಂದಿಕೆ: ರೆಸಿನ್‌ನೊಳಗಿನ ಆಸರೆ ಮರೆಯಾಗುವ ಬಗೆ

ಪಾರದರ್ಶಕ ರೆಸಿನ್ (ಗಟ್ಟಿಕಾರಕ ಬೆರೆಸಿದಾಗ ಪ್ಲಾಸ್ಟಿಕ್‌ನಂತೆ ಗಟ್ಟಿಯಾಗುವ ದ್ರವ) ಎರೆದ ಅಚ್ಚಿನಲ್ಲಿ ಒಣಗಿದ ಹೂವು ತೇಲುತ್ತದೆ, ನಾಣ್ಯ ತಳ ಸೇರುತ್ತದೆ. ಎರಡನ್ನೂ ನಡುವೆ ನಿಲ್ಲಿಸಲು ಕಡ್ಡಿಯದೋ ತುಂಡಿನದೋ ಆಸರೆ ಬೇಕು. ರೆಸಿನ್ ಗಟ್ಟಿಯಾದ ಮೇಲೆ ಆಸರೆ ಅಲ್ಲಿಯೇ ಉಳಿಯುತ್ತದೆ, ಆದರೆ ಕಾಣಬಾರದು. ಇದನ್ನು ಸಾಧಿಸುವ ತತ್ತ್ವವೇ ಸೂಚ್ಯಂಕದ ಹೊಂದಿಕೆ.

ಒಂದು ಮಾಧ್ಯಮದಲ್ಲಿ ಬೆಳಕಿನ ವೇಗ ನಿರ್ವಾತದಲ್ಲಿರುವುದಕ್ಕಿಂತ ಎಷ್ಟು ಪಟ್ಟು ತಗ್ಗುತ್ತದೆ ಎಂಬುದನ್ನು ಹೇಳುವ ಸಂಖ್ಯೆ ವಕ್ರೀಭವನ ಸೂಚ್ಯಂಕ. ನೀರಿಗೆ ಅದು 1.33, ಅಕ್ರಿಲಿಕ್‌ಗೆ 1.49, ಗಟ್ಟಿಯಾದ ಎಪಾಕ್ಸಿ ರೆಸಿನ್‌ಗೆ ಬಗೆಯನ್ನು ಅನುಸರಿಸಿ ಸುಮಾರು 1.50ರಿಂದ 1.57. ಬಣ್ಣವಿಲ್ಲದ ವಸ್ತು ಕಣ್ಣಿಗೆ ಬೀಳುವುದು ಅದರ ಅಂಚಿನಲ್ಲಿ ಈ ಸಂಖ್ಯೆ ಬದಲಾಗಿ ಬೆಳಕು ಬಾಗುವುದರಿಂದ, ಪ್ರತಿಫಲಿಸುವುದರಿಂದ. ಸಂಖ್ಯೆ ಬದಲಾಗದಿದ್ದರೆ ಅಂಚೂ ಕಾಣದು.

ಹಾಗಾದರೆ ಅಕ್ರಿಲಿಕ್ ಕಡ್ಡಿ ಸಾಕಲ್ಲವೇ? ಗಾಳಿಯಲ್ಲಿ ಅದರ ಮೇಲ್ಮೈ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇ. 4ರಷ್ಟನ್ನು ಹಿಂದಿರುಗಿಸುತ್ತದೆ, 1.55 ಸೂಚ್ಯಂಕದ ಎಪಾಕ್ಸಿಯೊಳಗೆ ಅದು ಶೇ. 0.04ಕ್ಕೆ ಇಳಿಯುತ್ತದೆ. ಲೆಕ್ಕ ಚೆನ್ನಾಗಿದೆ, ಕಣ್ಣು ಮಾತ್ರ ಒಪ್ಪುವುದಿಲ್ಲ. ಮೇಲ್ಮೈಯನ್ನು ಸವರಿಕೊಂಡು ಹೋಗುವ ಬೆಳಕು, ಲಂಬಕ್ಕೆ 74 ಡಿಗ್ರಿಗಿಂತ ಹೆಚ್ಚಿನ ಕೋನದಲ್ಲಿ ಬಿದ್ದರೆ, ಪೂರ್ಣ ಆಂತರಿಕ ಪ್ರತಿಫಲನಕ್ಕೆ ಸಿಕ್ಕಿ, ಅಂದರೆ ಕಡ್ಡಿಯೊಳಗೆ ಹೋಗದೆ ಪೂರ್ತಿಯಾಗಿ ಹಿಂದಿರುಗಿ, ಅಲ್ಲೊಂದು ಹೊಳೆಯುವ ಗೆರೆಯನ್ನು ಎಳೆದುಬಿಡುತ್ತದೆ. ದುಂಡು ಕಡ್ಡಿಯಾದರಂತೂ ಮಸೂರದಂತೆ ವರ್ತಿಸಿ ಹಿಂದಿನ ದೃಶ್ಯವನ್ನು ತಿರುಚುತ್ತದೆ.

ಆದ್ದರಿಂದ, ನನ್ನ ಮಟ್ಟಿಗೆ, ಅಂಗಡಿಯ ಕಡ್ಡಿಗಿಂತ ಅದೇ ಬಾಟಲಿಯ ರೆಸಿನ್‌ನಿಂದ, ಅದೇ ಗಟ್ಟಿಕಾರಕವನ್ನು ಅದೇ ಪ್ರಮಾಣದಲ್ಲಿ ಬೆರೆಸಿ ಎರಕ ಹೊಯ್ದ ಪುಟ್ಟ ಆಸರೆಯೇ ಮೇಲು. ಅದನ್ನು ನುಣುಪುಗೊಳಿಸುವ ಗೋಜೂ ಬೇಡ. ಮರಳು ಕಾಗದದಿಂದ ಉಜ್ಜಿ ಮಬ್ಬಾದ ಮೇಲ್ಮೈಯ ಗೀರುಗಳಿಗೆ ಹೊಸ ರೆಸಿನ್ ಇಳಿದೊಡನೆ ಮಬ್ಬು ಮಾಯವಾಗುತ್ತದೆ. ಮಳೆಯಲ್ಲಿ ನೆನೆದ ಮಬ್ಬು ಗಾಜು ತಿಳಿಯಾಗುವ ಹಾಗೆ. ಗೀರಿನಲ್ಲಿ ಗಾಳಿ ಉಳಿದರೆ ಮಾತ್ರ ಸೂಚ್ಯಂಕ ಅಲ್ಲಿ ಒಮ್ಮೆಗೇ 1ಕ್ಕೆ ಕುಸಿದು, ಬೆಳ್ಳಿಯಂತಹ ಚುಕ್ಕೆ ಎದ್ದು ಕಾಣುತ್ತದೆ. ಅದಕ್ಕೇ ಮೊದಲು ಆಸರೆಗೆ ತೆಳುವಾಗಿ ರೆಸಿನ್ ಬಳಿದು, ಆಮೇಲೆ ಅಚ್ಚನ್ನು ತುಂಬುತ್ತಾರೆ. ಧೂಳು, ಬೆರಳಿನ ಜಿಡ್ಡು ಕೂಡ ಅಂಚನ್ನು ಬಯಲು ಮಾಡುತ್ತವೆ. ತಿಂಗಳುಗಟ್ಟಲೆ ಬಿಸಿಲಿಗೆ ಬಿದ್ದು ಹಳದಿಗಟ್ಟಿದ ಹಳೆಯ ತುಂಡು ಇದಕ್ಕೆ ಆಗದು: ಸೂಚ್ಯಂಕ ಹೊಂದಿದರೂ ಬಣ್ಣ ಹೊಂದುವುದಿಲ್ಲ.