ವಾರಕ್ಕೆ ಎಷ್ಟು ಬರೆಯಬಲ್ಲಿರಿ, ಮೊದಲು ಅದನ್ನು ಹೇಳಿ

ಬಾಗಲಕೋಟೆಯಲ್ಲಿ ಬ್ಲಾಗ್ ಬರವಣಿಗೆಯ ತರಗತಿ ಶುರುವಾದರೆ ಮೊದಲ ದಿನವೇ ಒಂದು ಪ್ರಶ್ನೆ ಬಂದೇ ಬರುತ್ತದೆ: “ಸರ್, ತಿಂಗಳಿಗೆ ಎಷ್ಟ್ ಬರ್ತದರಿ?” ಕೇಳುವುದರಲ್ಲಿ ತಪ್ಪೇನಿಲ್ಲ. ನೌಕರಿ, ಹೊಲ, ಮನೆಗೆಲಸ ಎಲ್ಲ ಮುಗಿಸಿ ರಾತ್ರಿ ಹತ್ತಕ್ಕೆ ಬರೆಯಲು ಕೂರುವವರು ತಮ್ಮ ದುಡಿಮೆಗೆ ಏನು ಸಿಗುತ್ತದೆ ಎಂದು ಕೇಳಲೇಬೇಕು. ಅದಕ್ಕೇ ನಾನು ಲೆಕ್ಕವನ್ನು ಮುಚ್ಚಿಡದೆ ಬೋರ್ಡಿನ ಮೇಲೆ ಬರೆದುಬಿಡುತ್ತೇನೆ.

ಹೆಚ್ಚಿನವರ ಮನಸ್ಸಿನಲ್ಲಿ ಇರುವುದು ಗೂಗಲ್ ಆ್ಯಡ್‌ಸೆನ್ಸ್, ಅಂದರೆ ನಿಮ್ಮ ಪುಟದಲ್ಲಿ ಗೂಗಲ್ ತೋರಿಸುವ ಜಾಹೀರಾತಿನಿಂದ ಬರುವ ಹಣ. ಖಾತೆಯಲ್ಲಿ 10 ಡಾಲರ್ ಆದಾಗ ವಿಳಾಸ ಖಾತ್ರಿ ಮಾಡಿಕೊಳ್ಳಲು ಅಂಚೆಯಲ್ಲಿ ಒಂದು ಪಿನ್ ಬರುತ್ತದೆ. 100 ಡಾಲರ್ ತುಂಬುವ ತನಕ ಹಣ ಬ್ಯಾಂಕಿಗೆ ಬರುವುದಿಲ್ಲ. ಈಗ ಪುಟವನ್ನು ಸಾವಿರ ಸಲ ತೆರೆದರೆ ಅರ್ಧ ಡಾಲರ್ ಸಿಗುತ್ತದೆ ಅಂತ ಇಟ್ಟುಕೊಳ್ಳೋಣ. ಇದು ಲೆಕ್ಕಕ್ಕೆ ಹಿಡಿದ ಅಂಕಿ ಅಷ್ಟೇ. ವಿಷಯ ಯಾವುದು, ಓದುವವರು ಯಾರು ಎನ್ನುವುದರ ಮೇಲೆ ಹೆಚ್ಚು ಕಡಿಮೆ ಆಗುತ್ತದೆ. ಈ ಲೆಕ್ಕದಲ್ಲಿ 100 ಡಾಲರ್ ಆಗಲು ನಿಮ್ಮ ಪುಟಗಳನ್ನು 2 ಲಕ್ಷ ಸಲ ತೆರೆಯಬೇಕು. ದಿನಕ್ಕೆ 100 ಜನ ಬಂದು ಒಂದೊಂದು ಪುಟ ಓದಿದರೆ 2,000 ದಿನ. ಅಂದರೆ ಹತ್ತಿರ ಹತ್ತಿರ ಐದೂವರೆ ವರ್ಷ.

ಇದನ್ನು ನೋಡಿ ಕೆಲವರ ಮುಖ ಬಾಡುತ್ತದೆ. ಆದರೆ ನಮ್ಮ ಜಿಲ್ಲೆಗಳಲ್ಲಿ ಬ್ಲಾಗಿನಿಂದ ನಿಜವಾಗಿ ಅನುಕೂಲವಾದವರನ್ನು ನೋಡಿದರೆ, ಅವರಿಗೆ ಜಾಹೀರಾತಿಗಿಂತ ಜಾಸ್ತಿ ಕೈಹಿಡಿದದ್ದು ತಮ್ಮದೇ ಕೆಲಸ. ಲೇಖನ ಓದಿ ಸೀರೆಗೆ ಫೋನ್ ಮಾಡುವವರು, ಮಣುಕ (ಒಣದ್ರಾಕ್ಷಿ) ಕೇಳುವವರು, ಬಾದಾಮಿಗೆ ಬರುವ ಮುಂಚೆ ಗೈಡ್ ಬೇಕೆಂದು ವಿಚಾರಿಸುವವರು. ಅಂಥ ಒಂದು ಫೋನ್ ಬರಲು ಲಕ್ಷ ಜನ ಓದಬೇಕಿಲ್ಲ. ಸರಿಯಾದ ಹತ್ತು ಜನ ಓದಿದರೂ ಸಾಕಾಗಬಹುದು. ಹಾಗಾಗಿ ಮೊದಲ ವರ್ಷದ ಗುರಿಯಲ್ಲಿ ರೂಪಾಯಿಯ ಅಂಕಿ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಎಷ್ಟು ಜನ ಓದಬೇಕು ಎನ್ನುವ ಅಂಕಿಯೂ ಬೇಡ. ಅವೆರಡೂ ನಿಮ್ಮ ಕೈಯಲ್ಲಿಲ್ಲ. ಎಷ್ಟು ಬರೆಯುತ್ತೀರಿ, ಅದೊಂದು ನಿಮ್ಮ ಕೈಯಲ್ಲಿದೆ.

ಅದನ್ನು ನಿರ್ಧರಿಸಲು ನಾನು ಕೇಳುವುದು ಒಂದೇ ಮಾತು: ಕಳೆದ ತಿಂಗಳು ನಿಮಗೆ ನಿಜವಾಗಿ ಬಿಡುವು ಸಿಕ್ಕಿದ್ದು ಎಷ್ಟು ತಾಸು? ಸಿಗಬೇಕಿತ್ತು ಅನ್ನುವುದು ಬೇಡ, ಸಿಕ್ಕಿದ್ದು ಹೇಳಿ. ಉತ್ತರ ಕೊಡುವಾಗ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಇಳಕಲ್ಲಿನ ನೇಕಾರರ ಮನೆಯ ಒಬ್ಬ ಹುಡುಗಿ ‘ವಾರಕ್ಕೆ ಐದು ಲೇಖನ’ ಎಂದು ಗುರಿ ಬರೆದುಕೊಂಡು ಬಂದಿದ್ದಳು. ಮೊದಲು ಒಂದೇ ಒಂದು ಲೇಖನ ಬರಿ, ಎಷ್ಟು ಹೊತ್ತು ಹಿಡಿಯಿತು ಗುರುತು ಹಾಕು ಎಂದೆ. ಅವಳು ಆರಿಸಿದ ವಿಷಯ ಕೊಂಡಿ. ಇಳಕಲ್ ಸೀರೆಯ ಒಡಲಿನ ಎಳೆ ಬೇರೆ, ಸೆರಗಿನ ರೇಷ್ಮೆ ಎಳೆ ಬೇರೆ. ಎರಡನ್ನೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವುದೇ ಈ ಸೀರೆಯ ವಿಶೇಷ. ಅವರ ಕಾಕಾ ಮಗ್ಗದ ಮುಂದೆ ಕೂತು ಜೋಡಿಸುವುದನ್ನು ಪೂರ್ತಿ ನೋಡಿದಳು. ಬೆರಳು ಎಲ್ಲಿ ಹೋಗುತ್ತದೆ, ಯಾವ ಎಳೆ ಮೇಲೆ ಬರುತ್ತದೆ ಎಂದು ಕೇಳಿ ಕೇಳಿ ಬರೆದುಕೊಂಡಳು. ಮನೆಯೊಳಗೆ ಬೆಳಕು ಸಾಲದೆ ಮರುದಿನ ಬೆಳಿಗ್ಗೆ ಮತ್ತೆ ಹೋಗಿ ಫೋಟೋ ತೆಗೆದಳು. ಆಮೇಲೆ ಮೊಬೈಲಿನಲ್ಲಿ ಟೈಪ್ ಮಾಡಿದ್ದು, ಕಾಕಾಗೆ ಓದಿ ಹೇಳಿದ್ದು, ಅವರು ಎರಡು ಕಡೆ ತಪ್ಪು ತೋರಿಸಿದ್ದು, ತಿದ್ದಿದ್ದು. ಒಟ್ಟು ಹತ್ತಿರ ಎಂಟು ತಾಸು ಆಯಿತು. ವಾರಕ್ಕೆ ಅವಳಿಗೆ ಬಿಡುವು ಇದ್ದದ್ದು ನಾಲ್ಕು ತಾಸು. ಅಲ್ಲಿಗೆ ಗುರಿ ತಾನೇ ಗೊತ್ತಾಯಿತು: ತಿಂಗಳಿಗೆ ಎರಡು.

ಐದೇ ಬೇಕು ಎಂದು ಹಟ ಹಿಡಿದಿದ್ದರೆ ಏನಾಗುತ್ತಿತ್ತು? ಮಗ್ಗದ ಹತ್ತಿರ ಹೋಗಲು ಪುರುಸೊತ್ತು ಇರುತ್ತಿರಲಿಲ್ಲ. ಅಲ್ಲಿ ಇಲ್ಲಿ ಓದಿದ್ದನ್ನೇ ತಿರುಗಿಸಿ ಬರೆಯಬೇಕಾಗುತ್ತಿತ್ತು. ಅಂಕಿ ಮುಟ್ಟುವ ಆತುರದಲ್ಲಿ ಒಳ್ಳೆಯ ಬರಹಗಾರರು ಹೀಗೆ ಬೇರೆಯವರ ಮಾತು ತುಂಬುವುದನ್ನು ಮತ್ತೆ ಮತ್ತೆ ನೋಡಿದ್ದೇನೆ, ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಇಳಕಲ್ಲಿನ ಮಗ್ಗದ ಪಕ್ಕದಲ್ಲೇ ಬೆಳೆದವಳಿಗೆ ಗೊತ್ತಿರುವುದು ಬೇರೆ ಊರಿನಲ್ಲಿ ಕೂತು ಬರೆಯುವವರಿಗೆ ಗೊತ್ತಿರಲು ಸಾಧ್ಯವಿಲ್ಲ. ಅದನ್ನು ಬಿಟ್ಟು ಎಲ್ಲರೂ ಬರೆದದ್ದನ್ನೇ ಬರೆದರೆ ಓದುಗ ನಿಮ್ಮ ಹತ್ತಿರ ಯಾಕೆ ಬರಬೇಕು?

ಗುರಿಯ ಅಳತೆಯನ್ನು ಇನ್ನೂ ಒಂದು ಸಲ ನೋಡಬೇಕು. ಯಾವ ವಾರ ಇಟ್ಟುಕೊಂಡು ಅಳೆದಿರಿ? ಬಿಡುವಾದ ವಾರ ನೋಡಿ ಅಳೆದರೆ ಅದು ನಿಲ್ಲುವುದಿಲ್ಲ. ನಮ್ಮ ಕಡೆ ವರ್ಷ ಹೇಗೆ ಓಡುತ್ತದೆ ನೋಡಿ. ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ಬನದ ಹುಣ್ಣಿಮೆ ಬಂದರೆ ಬನಶಂಕರಿ ಜಾತ್ರೆ, ಮನೆ ತುಂಬ ಬೀಗರು, ರಾತ್ರಿ ನಾಟಕ. ಬೆಳಗಾವಿ ಕಡೆ ಕಬ್ಬಿನ ಕಟಾವು. ಶಾಲೆಯ ಮೇಷ್ಟ್ರಿಗೆ ಮಾರ್ಚ್ ಪರೀಕ್ಷೆ. ಅದು ಮುಗಿಯುವಷ್ಟರಲ್ಲಿ ಮದುವೆಗಳು. ಈ ವಾರಗಳಲ್ಲೂ ಎಷ್ಟು ಬರೆಯಬಲ್ಲಿರೋ ಅಷ್ಟನ್ನು ಗುರಿ ಮಾಡಿ. ಬಿಡುವಿದ್ದಾಗ ಒಂದು ಹೆಚ್ಚು ಬರೆದಿಟ್ಟುಕೊಂಡರೆ ಜಾತ್ರೆಯ ವಾರಕ್ಕೆ ಅದನ್ನು ಹಾಕಬಹುದು. ಜಾತ್ರೆಯ ಬಗ್ಗೆಯೇ ಬರೆಯುವವರಾದರೆ ಹಿಂದಿನ ತಿಂಗಳೇ ಬರೆದಿಡಿ. ಜನ ಹುಡುಕುವುದು ಹೊರಡುವ ಮುಂಚೆ, ತೇರು ಎಳೆದ ಮೇಲೆ ಯಾರೂ ದಾರಿ ಕೇಳುವುದಿಲ್ಲ.

‘ಟೈಮ್ ಸಿಕ್ಕಾಗ ಬರೀತೀನಿ’ ಎನ್ನುವವರು ಬರೆದದ್ದನ್ನು ನಾನು ಕಡಿಮೆ ಕಂಡಿದ್ದೇನೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1999ರಲ್ಲಿ ಬರೆದ ಒಂದು ಪ್ರಬಂಧ ಇದಕ್ಕೆ ತುಂಬ ಉಪಯೋಗಕ್ಕೆ ಬರುತ್ತದೆ. ಇಂಥ ಹೊತ್ತಿನಲ್ಲಿ, ಇಂಥ ಜಾಗದಲ್ಲಿ, ಇದನ್ನು ಮಾಡುತ್ತೇನೆ ಎಂದು ಮೊದಲೇ ಗಟ್ಟಿ ಮಾಡಿಕೊಂಡವರು ಬರೀ ಆಸೆ ಇಟ್ಟುಕೊಂಡವರಿಗಿಂತ ಹೆಚ್ಚು ಸಲ ಕೆಲಸ ಮುಗಿಸುತ್ತಾರೆ ಎನ್ನುವುದು ಅದರ ಸಾರ. ‘ಗುರುವಾರ ರಾತ್ರಿ ಊಟ ಆದ ಮೇಲೆ, ಪಡಸಾಲೆಯಲ್ಲಿ, ಎರಡು ತಾಸು’ ಎಂದು ಬರೆದು ಮನೆಯವರಿಗೂ ಹೇಳಿಬಿಡಿ. ಹೇಳಿದರೆ ಆ ಹೊತ್ತಿಗೆ ಯಾರೂ ಬೇರೆ ಕೆಲಸ ಹಚ್ಚುವುದಿಲ್ಲ.

21 ದಿನ ಮಾಡಿದರೆ ರೂಢಿಯಾಗುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನು ಇಟ್ಟುಕೊಂಡು ನಡೆಸಿದ ಅಧ್ಯಯನ 2010ರಲ್ಲಿ ಅಚ್ಚಾಯಿತು. ಅದರಲ್ಲಿ ದಿನದ ಸಣ್ಣ ಕೆಲಸವೊಂದು ತಾನಾಗಿಯೇ ನಡೆಯುವಂತಾಗಲು ಸರಾಸರಿ 66 ದಿನ ಹಿಡಿಯಿತು. ಒಬ್ಬೊಬ್ಬರಿಗೆ ಒಂದೊಂದು ತರ. 18 ದಿನದಿಂದ 254 ದಿನದವರೆಗೆ ವ್ಯತ್ಯಾಸ ಇತ್ತು. ನೀರು ಕುಡಿಯುವಂಥ ಕೆಲಸಕ್ಕೇ ಇಷ್ಟು ಬೇಕಾದರೆ ವಾರಕ್ಕೊಮ್ಮೆ ಲೇಖನ ಬರೆಯುವುದಕ್ಕೆ ಜಾಸ್ತಿಯೇ ಬೇಕು. ಅದೇ ಅಧ್ಯಯನದಲ್ಲಿ ನನಗೆ ಇಷ್ಟವಾದ ಇನ್ನೊಂದು ವಿಷಯ ಇದೆ: ನಡುವೆ ಒಂದು ದಿನ ತಪ್ಪಿದರೆ ರೂಢಿಗೆ ಹೇಳಿಕೊಳ್ಳುವಂಥ ಧಕ್ಕೆ ಆಗಲಿಲ್ಲ. ಒಂದು ವಾರ ತಪ್ಪಿತೆಂದು ಬ್ಲಾಗನ್ನೇ ಬಿಟ್ಟವರಿಗೆ ಇದನ್ನು ಹೇಳುತ್ತಿರುತ್ತೇನೆ. ತಪ್ಪಿದ ಲೇಖನವನ್ನು ಮುಂದಿನ ವಾರಕ್ಕೆ ಸೇರಿಸಿ ಎರಡು ಮಾಡಿಕೊಳ್ಳಬೇಡಿ. ಅದನ್ನು ಬಿಟ್ಟುಬಿಡಿ, ಈ ವಾರದ್ದು ಬರೆಯಿರಿ.

ಅಂಕಿಗಳನ್ನು ನೋಡಲೇಬಾರದೇ? ನೋಡಬೇಕು, ತಿಂಗಳಿಗೊಮ್ಮೆ ಸಾಕು. ಹಾಕಿದ ಮೊದಲ ದಿನದ ಓದು ಹೆಚ್ಚಾಗಿ ನಿಮ್ಮ ವಾಟ್ಸಾಪ್ ಗ್ರೂಪಿನದು. ಅಕ್ಕ, ಭಾವ, ಹಳೆಯ ಸಹಪಾಠಿಗಳು ಪ್ರೀತಿಯಿಂದ ತೆರೆದದ್ದು. ಅದನ್ನೇ ಹಿಡಿದು ಮುಂದಿನ ಲೆಕ್ಕ ಹಾಕಿದರೆ ಎರಡನೇ ವಾರಕ್ಕೇ ನಿರಾಸೆ. ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನ ಇದೆ, ಅದನ್ನು ಜೋಡಿಸಿಕೊಳ್ಳಿ. ಜನ ಏನೆಂದು ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು, ಸಾಲಿನಲ್ಲಿ ಎಷ್ಟನೇ ಜಾಗದಲ್ಲಿತ್ತು ಎಂದು ಅದು ತೋರಿಸುತ್ತದೆ. ನಾನು ಮೊದಲು ನೋಡುವುದು ಜನ ಹುಡುಕಿದ ಮಾತುಗಳನ್ನು. ನೀವು ಗುಹೆಗಳ ಇತಿಹಾಸ ಬರೆದಿರುತ್ತೀರಿ, ಜನ ಮಾತ್ರ ‘ಬಾದಾಮಿಯಿಂದ ಐಹೊಳೆಗೆ ಬಸ್’ ಎಂದು ಹುಡುಕಿರುತ್ತಾರೆ. ಅಲ್ಲಿಗೆ ಮುಂದಿನ ಲೇಖನ ಯಾವುದು ಗೊತ್ತಾಯಿತಲ್ಲ?

ಸರ್ಚ್ ಕನ್ಸೋಲಿನಲ್ಲಿ 16 ತಿಂಗಳ ಲೆಕ್ಕ ಉಳಿದಿರುತ್ತದೆ. ಪ್ರವಾಸದ ಬಗ್ಗೆ ಬರೆಯುವವರಿಗೆ ಇದು ಬಹಳ ಮುಖ್ಯ. ಬಾದಾಮಿ, ಪಟ್ಟದಕಲ್ಲು, ಗೋಲಗುಮ್ಮಟಕ್ಕೆ ಜನ ಬರುವುದು ಚಳಿಗಾಲದಲ್ಲಿ. ಬೇಸಿಗೆಯ ಬಿಸಿಲಿಗೆ ಕಲ್ಲು ಕಾಯುವಾಗ ಓದುಗರೂ ಕಡಿಮೆ. ಡಿಸೆಂಬರನ್ನು ಏಪ್ರಿಲ್ ಜೊತೆ ಹೋಲಿಸಿ ‘ಬ್ಲಾಗ್ ಬಿದ್ದುಹೋಯ್ತು’ ಅನ್ನಬೇಡಿ. ಈ ಡಿಸೆಂಬರನ್ನು ಹೋದ ಡಿಸೆಂಬರ್ ಜೊತೆ ಇಟ್ಟು ನೋಡಿ.

ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿದ ಬರಹ ಇದ್ದರೆ ಯೂನಿಕೋಡ್‌ಗೆ, ಅಂದರೆ ಎಲ್ಲ ಮೊಬೈಲ್, ಕಂಪ್ಯೂಟರ್‌ಗಳೂ ಓದುವ ಅಕ್ಷರ ಪದ್ಧತಿಗೆ, ಬದಲಿಸಿಯೇ ಹಾಕಿ. ಇಲ್ಲದಿದ್ದರೆ ಗೂಗಲ್‌ಗೆ ಅದು ಕನ್ನಡ ಎಂದೇ ತಿಳಿಯುವುದಿಲ್ಲ, ಹುಡುಕಿದವರಿಗೆ ಸಿಗುವುದೂ ಇಲ್ಲ.

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಮಾಡಿಕೊಂಡ ಯೋಜನೆ ನನಗೆ ಬಹಳ ಹಿಡಿಸಿತು. ಅವರ ಮೊದಲ ಗುರಿ ‘ಕೃಷಿ ಬ್ಲಾಗ್’ ಎಂದಿತ್ತು. ಮಾತಾಡುತ್ತಾ ಅದು ‘ನಮ್ಮ ತೋಟದ ಮಣುಕ’ ಎಂಬಲ್ಲಿಗೆ ಬಂದು ನಿಂತಿತು. ಅಕ್ಟೋಬರ್ ಚಾಟ್ನಿ (ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ) ಹೊತ್ತಿಗೆ ಒಂದು ಲೇಖನ, ಯಾವ ಕಡ್ಡಿ ಎಲ್ಲಿ ಕತ್ತರಿಸಿದರು ಎಂದು ಫೋಟೋ ಸಮೇತ. ಕಾಯಿ ಕಟ್ಟುವಾಗ ಒಂದು. ಫೆಬ್ರವರಿಯಿಂದ ಹಣ್ಣು ಕೊಯ್ದು ಒಣಗಿಸುವ ದಿನಗಳಲ್ಲಿ ಬರೆಯಲು ಆಗುವುದಿಲ್ಲ ಎಂದು ಅವರೇ ಹೇಳಿದರು. ಹಾಗಾಗಿ ಆಗ ಬರೀ ಫೋಟೋ ಮತ್ತು ನಾಲ್ಕು ಸಾಲಿನ ಟಿಪ್ಪಣಿ. ಮಾಲು ಕೋಲ್ಡ್ ಸ್ಟೋರೇಜ್ ಸೇರಿದ ಮೇಲೆ ಆ ಟಿಪ್ಪಣಿಗಳನ್ನು ಬಿಚ್ಚಿ ಎರಡು ದೊಡ್ಡ ಲೇಖನ. ವರ್ಷಕ್ಕೆ ಬೆರಳೆಣಿಕೆಯಷ್ಟು ಬರಹ ಅಂತ ಅವರಿಗೆ ಸಂಕೋಚವಿತ್ತು. “ಭಾಳ ಕಮ್ಮಿ ಆಗೂದಿಲ್ಲೇನ್ರಿ?” ಎಂದು ಕೇಳಿದರು. ಬೆಳೆಯ ಜೊತೆಗೇ ನಡೆಯುವ ಗುರಿ ಇದು. ಅವರು ಮುಂದಿನ ವರ್ಷವೂ ಬರೆಯುತ್ತಾರೆ ಎನ್ನುವ ಭರವಸೆ ನನಗಿದೆ, ಅವರಿಗೂ ಹಾಗೇ ಹೇಳಿದೆ.

ಮೂರು ತಿಂಗಳಿಗೊಮ್ಮೆ ಗುರಿಯನ್ನು ತೆಗೆದು ನೋಡಿ. ಹೇಳಿಕೊಂಡದ್ದರಲ್ಲಿ ಮುಕ್ಕಾಲು ಪಾಲು ಬರೆದಿದ್ದರೆ ಹಾಗೇ ಇರಲಿ. ಅರ್ಧಕ್ಕಿಂತ ಕಡಿಮೆ ಆಗಿದ್ದರೆ ನಾಚಿಕೆ ಪಡದೆ ಗುರಿ ಇಳಿಸಿ. ಎಲ್ಲವನ್ನೂ ಮುಗಿಸಿ ಇನ್ನೂ ಬರೆಯುವ ಹುರುಪು ಉಳಿದಿದ್ದರೆ ಮಾತ್ರ ತಿಂಗಳಿಗೆ ಒಂದು ಏರಿಸಿ. ಒಂದೇ ಸಲ ವಿಷಯ, ದಿನ, ಉದ್ದ ಎಲ್ಲ ಬದಲಿಸಬೇಡಿ. ಯಾವುದರಿಂದ ಏನಾಯಿತು ಎಂದು ಆಮೇಲೆ ಗೊತ್ತಾಗುವುದಿಲ್ಲ.