ರೋಬೋಟೋ ಮನುಷ್ಯರೋ: ನನ್ನ ತಲೆ ಕೆಡಿಸಿದ 14 ನಿಮಿಷ

ಚಂದ್ರ, ಮಂಗಳಕ್ಕೆ ರೋಬೋಟ್ ಕಳಿಸುವುದೋ, ಮನುಷ್ಯರನ್ನು ಕಳಿಸುವುದೋ? ರೋಬೋಟ್‌ಗೆ ಊಟ, ನೀರು, ಗಾಳಿ ಬೇಡ. ವಾಪಸ್ ಕರೆತರುವ ಚಿಂತೆಯೂ ಇಲ್ಲ. ಇಷ್ಟು ಎಲ್ಲರಿಗೂ ಗೊತ್ತು, ಬಿಟ್ಟುಬಿಡೋಣ.

ನಾನು ಎಡವಿದ್ದು ಬೇರೆ ಕಡೆ. ವಿಜ್ಞಾನಿಗಳು ಭೂಮಿಯಲ್ಲಿ ಕೂತು, ವಿಡಿಯೋ ಗೇಮ್ ಆಡಿದ ಹಾಗೆ ರೋವರ್ (ಅಲ್ಲಿನ ನೆಲದ ಮೇಲೆ ಓಡಾಡುವ ಚಕ್ರದ ರೋಬೋಟ್) ಓಡಿಸುತ್ತಾರೆ ಅಂದುಕೊಂಡಿದ್ದೆ. ಚಂದ್ರನ ಮಟ್ಟಿಗೆ ಇದು ಪೂರ್ತಿ ತಪ್ಪಲ್ಲ. ಅಲ್ಲಿಗೆ ರೇಡಿಯೊ ಸಂಕೇತ 1.3 ಸೆಕೆಂಡಿನಲ್ಲಿ ತಲುಪುತ್ತದೆ. 1970ರಲ್ಲಿ ಸೋವಿಯತ್‌ನವರು ಲೂನಾಖೋದ್-1 ರೋವರನ್ನು ಭೂಮಿಯಿಂದಲೇ ಓಡಿಸಿದ್ದರು. ಮಂಗಳನಲ್ಲಿ ಇದು ಆಗುವುದಿಲ್ಲ.

ಯಾಕೆ ಅನ್ನುವುದಕ್ಕೆ ನನ್ನ ಶಾರ್ಟ್‌ಕಟ್: 1 ಕೋಟಿ ಕಿ.ಮೀ.ಗೆ 33 ಸೆಕೆಂಡು. (ರೇಡಿಯೊ ಸಂಕೇತದ್ದು ಬೆಳಕಿನದ್ದೇ ವೇಗ, ಸೆಕೆಂಡಿಗೆ 3 ಲಕ್ಷ ಕಿ.ಮೀ., ಭಾಗಿಸಿ ನೋಡಿ.) ಮಿಲಿಯನ್ ಗೋಜೇ ಬೇಡ, ನಮ್ಮ ಕೋಟಿಯೇ ಇಲ್ಲಿ ಸಲೀಸು. ಮಂಗಳ ತೀರಾ ಹತ್ತಿರ ಬಂದಾಗ ಸುಮಾರು 5.5 ಕೋಟಿ ಕಿ.ಮೀ., ಅಂದರೆ 3 ನಿಮಿಷ. ತೀರಾ ದೂರ ಹೋದಾಗ 40 ಕೋಟಿ, ಅಂದರೆ 22 ನಿಮಿಷ. ಇದು ಬರೀ ಹೋಗುವ ಲೆಕ್ಕ! ಉತ್ತರ ಬರಬೇಕಾದರೆ ಎರಡರಷ್ಟು. ನಾನು ಪ್ರತಿ ಸಲ ಮರೆಯುವುದು ಇದನ್ನೇ.

ಈಗ ಮಂಗಳಕ್ಕೆ ಹೋದ ನಾಸಾದ ಕ್ಯೂರಿಯಾಸಿಟಿ ರೋವರ್. 2012ರ ಆಗಸ್ಟ್‌ನಲ್ಲಿ ಅದು ಇಳಿದಾಗ ಮಂಗಳ ಸುಮಾರು 25 ಕೋಟಿ ಕಿ.ಮೀ. ದೂರದಲ್ಲಿತ್ತು. ಸಂಕೇತಕ್ಕೆ 14 ನಿಮಿಷ ಬೇಕು. ಆದರೆ ವಾತಾವರಣ ಹೊಕ್ಕು ನೆಲ ಮುಟ್ಟುವುದಕ್ಕೆ 7 ನಿಮಿಷ ಸಾಕು. ಇಲ್ಲೇ ನನ್ನ ತಲೆ ನಿಂತುಹೋಗಿತ್ತು. ಕೊನೆಗೆ ಸುಮ್ನೆ 10 ಗಂಟೆಗೆ ಶುರು ಅಂದುಕೊಂಡು ಒಂದು ಗಡಿಯಾರ ಬರೆದುಕೊಂಡೆ.

10:00 – ರೋವರ್ ವಾತಾವರಣ ಹೊಕ್ಕಿತು.
10:07 – ನೆಲ ಮುಟ್ಟಿತು.
10:14 – ‘ಒಳಗೆ ಹೊಕ್ಕೆ’ ಅನ್ನುವ ಸುದ್ದಿ ಭೂಮಿಗೆ ಬಂತು.
10:21 – ‘ಇಳಿದೆ’ ಅನ್ನುವ ಸುದ್ದಿ ಬಂತು.

10:14ಕ್ಕೆ ನಾವು ‘ಹುಷಾರು!’ ಅಂದರೂ ಅದು ಅಲ್ಲಿಗೆ ಮುಟ್ಟುವುದು 10:28ಕ್ಕೆ. ರೋವರ್ ಇಳಿದು ಆಗಲೇ 21 ನಿಮಿಷ! ಹಾಗಾಗಿ ಇಳಿಯುವ ಅಷ್ಟೂ ಹೊತ್ತು ತೀರ್ಮಾನ ಅದರದ್ದೇ. ನಾವು ಮೊದಲೇ ಕಲಿಸಿ ಕಳಿಸಿರಬೇಕು, ಅಷ್ಟೇ.

ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಕೂಡ ಚಂದ್ರನ ಮೇಲೆ 2023ರ ಆಗಸ್ಟ್ 23ರಂದು ತಾನಾಗಿಯೇ ಇಳಿಯಿತು. ಬೀಳುತ್ತಿರುವಾಗ ಒಂದೆರಡು ಸೆಕೆಂಡೂ ಜಾಸ್ತಿಯೇ ಅಲ್ವಾ? ಆದರೆ ನಾಲ್ಕು ದಿನದ ಮೇಲೆ ಅದರ ರೋವರ್ ಪ್ರಗ್ಯಾನ್ ಎದುರಿಗೆ, 3 ಮೀಟರ್ ದೂರದಲ್ಲಿ, 4 ಮೀಟರ್ ಅಗಲದ ಕುಳಿ ಕಂಡಾಗ ‘ಬಂದ ದಾರಿಯಲ್ಲೇ ವಾಪಸ್ ಹೋಗು’ ಎಂದದ್ದು ಇಲ್ಲಿನ ಮನುಷ್ಯರು.

ಇನ್ನು ಮನುಷ್ಯರೇ ಅಲ್ಲಿಗೆ ಹೋದರೆ? ಒಂದೇ ಜೋಡಿ ಉದಾಹರಣೆ ನೆನಪಿಡಿ. 1971ರಲ್ಲಿ ಅಪೋಲೋ 15ರ ಡ್ರಿಲ್ ಕೊಳವೆ ಚಂದ್ರನ ನೆಲದಲ್ಲಿ ಸಿಕ್ಕಿಹಾಕಿಕೊಂಡಿತು. ಅಲ್ಲಿದ್ದ ಗಗನಯಾತ್ರಿಗಳಾದ ಸ್ಕಾಟ್ ಮತ್ತು ಇರ್ವಿನ್ ಇಬ್ಬರೂ ಹೆಗಲು ಕೊಟ್ಟು ಎತ್ತಿ ಕಿತ್ತರು. ಮಂಗಳನಲ್ಲಿ ನಾಸಾದ ಇನ್‌ಸೈಟ್ ಲ್ಯಾಂಡರ್‌ನ ಕೊರೆಯುವ ಉಪಕರಣ 5 ಮೀಟರ್ ಆಳಕ್ಕೆ ಇಳಿಯಬೇಕಿತ್ತು. ಅಲ್ಲಿನ ಮಣ್ಣು ಹಿಡಿತವನ್ನೇ ಕೊಡಲಿಲ್ಲ. ರೋಬೋಟ್ ಕೈಯಿಂದ ಪಕ್ಕದಿಂದ ಒತ್ತಿದರು, ಮೇಲಿನಿಂದ ಒತ್ತಿದರು. ಸುಮಾರು ಎರಡು ವರ್ಷ ಹೆಣಗಾಡಿ 2021ರ ಜನವರಿಯಲ್ಲಿ ಕೈಬಿಟ್ಟರು.