ರೆನ್ವಾರ್‌ನ ಬದನೆಕಾಯಿ, ಬಿಳಿ ಮೇಜುಬಟ್ಟೆಯ ನೆರಳು

ಚಿತ್ರ: ಫ್ರಾನ್ಸಿನ ಇಂಪ್ರೆಷನಿಸ್ಟ್ (ಕ್ಷಣದ ಬೆಳಕನ್ನು ಹಿಡಿಯುವ ಪಂಥ) ಚಿತ್ರಕಾರ ರೆನ್ವಾರ್, ‘ಫ್ರೂಟ್ಸ್ ಆಫ್ ದ ಮಿಡಿ’, 1881. ತೈಲವರ್ಣ, ಸುಮಾರು 51 × 65 ಸೆಂ.ಮೀ., ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಶಿಕಾಗೊ. ಮಿಡಿ ಅಂದರೆ ದಕ್ಷಿಣ ಫ್ರಾನ್ಸ್, ಉಪ್ಪಿನಕಾಯಿಯ ಮಿಡಿ ಅಲ್ಲ. ಹೆಸರಿಗೆ ಹಣ್ಣು, ಇರುವುದು ಬದನೆ, ಟೊಮೆಟೊ, ದಪ್ಪಮೆಣಸಿನಕಾಯಿ, ದಾಳಿಂಬೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಎಲ್ಲವೂ ಹಣ್ಣೇ ಬಿಡಿ.

ಇದನ್ನು ನಕಲು ಮಾಡುವಾಗ ಸ್ಕೆಚ್ ಹೇಗೋ ಆಗಿಬಿಡುತ್ತದೆ. ಕೈ ಕೊಡುವುದು ಮೇಜುಬಟ್ಟೆಯ ನೆರಳು.

ಬಿಳಿಗೆ ಕಪ್ಪು ಬೆರೆಸಿದರೆ ಬಟ್ಟೆಗೆ ಬೂದಿ ಮೆತ್ತಿದಂತಾಗುತ್ತದೆ. ‘ಇಂಪ್ರೆಷನಿಸ್ಟರ ನೆರಳು ನೀಲಿ’ ಎಂದು ಓದಿಕೊಂಡು ನೀಲಿ ಸುರಿದರೆ, ಒಗೆದ ಪಂಚೆಗೆ ನೀಲಿ ಜಾಸ್ತಿಯಾದ ಹಾಗೆ. ಎರಡರಲ್ಲೂ ತಪ್ಪು ಒಂದೇ: ನೆರಳು ಅಗತ್ಯಕ್ಕಿಂತ ಗಾಢವಾಗಿದೆ.

ನೆರಳಿನ ಬಣ್ಣದ ಅಳತೆ: ಬಿಳಿ 8 ಪಾಲು, ಕೋಬಾಲ್ಟ್ ನೀಲಿ 1 ಪಾಲು, ಅಲಿಜರಿನ್ ಕ್ರಿಮ್ಸನ್ (ಗಾಢ ಕೆಂಪು) ಬೆಂಕಿಕಡ್ಡಿಯ ತುದಿಯಷ್ಟು. ಕ್ರಿಮ್ಸನ್ ಬಹಳ ಜೋರು, ಕಡ್ಡಿ ಮೀರಿದರೆ ಎಲ್ಲ ಗುಲಾಬಿ. ಇನ್ನೂ ನೀಲಿ ಎದ್ದು ಕಂಡರೆ ಚಿಟಿಕೆ ಯೆಲ್ಲೊ ಆಕರ್ (ಮಣ್ಣಿನ ಹಳದಿ).

ಈಗ ಗಂಟಿನ ಜಾಗ. ಬೆಳಕು ಬಿದ್ದ ಬಟ್ಟೆಯನ್ನು ಟ್ಯೂಬಿನ ಬರೀ ಬಿಳಿಯಲ್ಲಿ ಬಿಡಬೇಡಿ. ಆಕರ್ ಸೋಕಿಸಿ, ಸುಣ್ಣದ ಗೋಡೆಗೆ ಬಿಸಿಲು ಬಿದ್ದಷ್ಟು ಹಳದಿ ಸಾಕು. ಹಳದಿ ಬಿಳಿಯ ಪಕ್ಕ ಬಂದ ಬೂದು ತಾನಾಗಿ ನೀಲಿಯತ್ತ ವಾಲಿದಂತೆ ಕಾಣುತ್ತದೆ. ಫ್ರೆಂಚ್ ರಸಾಯನಶಾಸ್ತ್ರಜ್ಞ ಷೆವ್ರಲ್ 1839ರಲ್ಲೇ ವಿವರಿಸಿದ ಬಣ್ಣಗಳ ವೈದೃಶ್ಯ ಇದೇ. ನೀಲಿಯ ಒಂದಷ್ಟು ಕೆಲಸವನ್ನು ಕಣ್ಣೇ ಮಾಡುವುದರಿಂದ ಪ್ಯಾಲೆಟ್ಟಿನಲ್ಲಿ ನಾವು ಹಾಕಬೇಕಾದ್ದು ಕಡಿಮೆ. ಪ್ಯಾಲೆಟ್ ಮೇಲೆ ‘ಇದು ಬರೀ ಬೂದು’ ಅನಿಸಿದ ಬಣ್ಣವೇ ಕ್ಯಾನ್ವಾಸಿನಲ್ಲಿ ಸರಿಯಾಗಿ ಕೂರುತ್ತದೆ.

ಪರೀಕ್ಷೆ: ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ನೆರಳಿನ ಗಾಢತೆ ಬದನೆಗಿಂತ ಬಟ್ಟೆಗೇ ಹತ್ತಿರ ಇರಬೇಕು. ಇಲ್ಲವಾದರೆ ಬಟ್ಟೆಯಲ್ಲಿ ತೂತು ಬಿದ್ದಂತೆ ಕಾಣುತ್ತದೆ.

ಟೊಮೆಟೊ ಬುಡದಲ್ಲಿ ನೆರಳಿಗೆ ಕೆಂಪು ಹಾಯುತ್ತದೆ. ಹಸಿ ನೆರಳಿನ ಮೇಲೆ ಕ್ಯಾಡ್ಮಿಯಂ ಕೆಂಪನ್ನು ಒಂದೇ ಎಳೆತ ಎಳೆದು ಬ್ರಶ್ ಎತ್ತಿಬಿಡಿ, ಚಿಂದಿಯಲ್ಲಿ ಒರೆಸಿ. ಮೂರನೇ ಸಲ ಉಜ್ಜಿದರೆ ಕೆಸರು.

ಬದನೆಗೆ ಕಪ್ಪು ಟ್ಯೂಬ್ ಬೇಡ: ಅಲ್ಟ್ರಾಮರೀನ್ ನೀಲಿ 2 ಪಾಲು, ಕ್ರಿಮ್ಸನ್ 1, ಸ್ವಲ್ಪ ಬರ್ನ್ಟ್ ಅಂಬರ್ ಕಂದು. ಹೊಳಪು ಬಿಳಿ-ಕೋಬಾಲ್ಟಿನ ಒಂದು ದಪ್ಪ ಮುದ್ದೆ. ಅಂಚು ಸವರಿದರೆ ಹೊಳಪು ಸತ್ತು ಸಿಪ್ಪೆ ಬಾಡಿದಂತಾಗುತ್ತದೆ.

ಹಣ್ಣುಗಳಿರುವ ತಟ್ಟೆಯ ನೀಲಿ ಚಿತ್ತಾರ: ಹೂವು ಬಿಡಿಸಲು ಹೋಗಬೇಡಿ. ಆಚೆ ಅಂಚಿನಲ್ಲಿ ಗೀಟುಗಳು ಗಿಡ್ಡ, ಒತ್ತೊತ್ತು. ಈಚೆ ಉದ್ದ, ಬಿಡಿಬಿಡಿ.

ಕ್ರಿಮ್ಸನ್ ಕೊಳ್ಳುವಾಗ ‘ಪರ್ಮನೆಂಟ್’ ಎಂದಿರುವುದನ್ನೇ ನೋಡಿ. ಹಳೆಯ ‘ಲೇಕ್’ ಕೆಂಪುಗಳು (ಬಟ್ಟೆಬಣ್ಣದಂಥ ರಂಗಿನಿಂದ ಮಾಡಿದವು) ಬೆಳಕಿಗೆ ಮಾಸುತ್ತವೆ: ರೆನ್ವಾರ್‌ನದೇ ‘ಮದಾಮ್ ಲಿಯಾನ್ ಕ್ಲಾಪಿಸಾನ್’ (1883) ಚಿತ್ರದ ಚೌಕಟ್ಟು ಕಳಚಿದಾಗ, ಅದರಡಿ ಮರೆಯಾಗಿದ್ದ ಅಂಚಿನಲ್ಲಿ ಮಾತ್ರ ಹಿನ್ನೆಲೆಯ ಮೂಲ ಕೆಂಪು ಉಳಿದಿತ್ತು.